ಊಟದ ಹಾಲ್‌ಗೆ ಗ್ರಾನೈಟ್ ಬಂತು, ತಟ್ಟೆಗೆ ಏನು ಬಂತು?

ನವೀಕರಣ ಎಂಬ ಪದ ಕೇಳಿದರೆ ನಮಗೆ ನೆನಪಾಗುವುದು ಒಂದು ಹಾಳೆ. "ಭೋಜನಾಲಯದ ನವೀಕರಣ ಕಾಮಗಾರಿ ಪ್ರಯುಕ್ತ ಎರಡು ತಿಂಗಳ ಕಾಲ ಭೋಜನಾಲಯವನ್ನು ಮುಚ್ಚಲಾಗಿದೆ. ವಿದ್ಯಾರ್ಥಿಗಳು ಸಹಕರಿಸಬೇಕು." ಕೆಳಗೆ ಸಹಿ, ಸೀಲು. ನಾವು ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದಾಗ ಹಾಸ್ಟೆಲ್ ಮೆಸ್ಸಿನ ಬಾಗಿಲಿಗೆ ಇದನ್ನು ಅಂಟಿಸಿದ್ದರು. ಎರಡು ತಿಂಗಳು ಅಂದದ್ದು ಇಡೀ ಸೆಮಿಸ್ಟರ್ ಆಯಿತು. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವರು "ಅದು ಅವರದ್ದು, ನಮ್ಮದಲ್ಲ" ಎಂದು ಕೈ ತೊಳೆದುಕೊಳ್ಳುತ್ತಾರೆ. ಕೈ ತೊಳೆಯುವ ವಿಷಯಕ್ಕೆ ಆಮೇಲೆ ಬರುತ್ತೇವೆ.

ನಮ್ಮ ಐದು ತಾಲ್ಲೂಕುಗಳಲ್ಲಿ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಮುಂದೆ ಓದಬೇಕೆಂದರೆ ಬಹುತೇಕ ಊರು ಬಿಡಬೇಕು. ಕೆಲವರು ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ, ಕೆಲವರು 1991ರ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ, ಹರಪನಹಳ್ಳಿ ಕಡೆಯವರು ದಾವಣಗೆರೆಗೆ, ಇನ್ನು ಕೆಲವರು ಧಾರವಾಡ, ಕಲಬುರಗಿಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ಮನೆಯವರು ಕೇಳುವ ಮೊದಲ ಪ್ರಶ್ನೆ ಪ್ರೊಫೆಸರ್ ಯಾರು ಎಂದಲ್ಲ. "ಊಟಕ್ಕೆ ಏನ್ ವ್ಯವಸ್ಥೆ ಐತಿ?" ಹಾಸ್ಟೆಲ್ ಸೀಟು ಸಿಕ್ಕಿತು ಎಂದರೆ ಮನೆಯಲ್ಲಿ ಓದು ಮುಂದುವರಿಯಲಿ ಅನ್ನುತ್ತಾರೆ, ಸಿಗಲಿಲ್ಲ ಎಂದರೆ ಬಿ.ಎಡ್. ಮಾಡು, ಇಲ್ಲವೇ ಮದುವೆ ಮಾಡೋಣ ಅನ್ನುತ್ತಾರೆ. ನಮ್ಮ ಕಡೆ ಎಷ್ಟೋ ಹುಡುಗಿಯರ ಓದು ನಿಂತಿರುವುದೇ ಮೆಸ್ಸಿನ ಎರಡು ಹೊತ್ತಿನ ಅನ್ನದ ಮೇಲೆ. ಆ ಮೆಸ್ಸನ್ನು ಒಂದು ಸೆಮಿಸ್ಟರ್ ಮುಚ್ಚುವುದು ಸುಣ್ಣ ಬಣ್ಣದ ವಿಷಯವಲ್ಲ.

ಹಾಲ್ ಮುಚ್ಚಿದಾಗ ಊಟ ಎಲ್ಲಿ ಕೊಡುತ್ತಿದ್ದರು? ಹುಡುಗರ ಹಾಸ್ಟೆಲ್ಲಿನ ಹಿಂದೆ ಶೀಟು ಹಾಕಿ ಒಲೆ ಹೂಡಿದ್ದರು. ಅಲ್ಲಿಂದ ಕ್ಯಾನಿನಲ್ಲಿ ಅನ್ನ, ಸಾರು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಆಟೋದಲ್ಲಿ ಬರುತ್ತಿತ್ತು. ಎಂಟಕ್ಕೆ ಬರಬೇಕಾದದ್ದು ಒಂಬತ್ತೂವರೆಗೆ ಬರುತ್ತಿತ್ತು, ಕೆಲವು ಸಲ ಕ್ಯಾನಿನ ತಳದಲ್ಲಿ ಸಾರು ಮಾತ್ರ ಇರುತ್ತಿತ್ತು. ವರಾಂಡದಲ್ಲಿ ನಿಂತು ಉಂಡೆವು. ಕೈಯಲ್ಲಿ ದುಡ್ಡಿದ್ದವರು ಗೇಟಿನ ಹೊರಗಿನ ಖಾನಾವಳಿಗೆ ಹೋದರು. ಇಲ್ಲದವರು ಮಂಡಕ್ಕಿ ತಿಂದು ಮಲಗಿದರು. ಮಂಡಕ್ಕಿ ಬಗ್ಗೆ ನಮಗೆ ತಕರಾರಿಲ್ಲ. ಮೆಣಸಿನಕಾಯಿ ಜೊತೆ ಸಂಜೆ ಹೊತ್ತು ತಿನ್ನುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ರಾತ್ರಿ ಊಟಕ್ಕೆ ಬದಲಾಗಿ ವಾರಗಟ್ಟಲೆ ಅದನ್ನೇ ತಿಂದರೆ ಗೊತ್ತಾಗುತ್ತದೆ.

ಹರಪನಹಳ್ಳಿ ಕಡೆಯ ಒಂದು ತಾಂಡಾದಿಂದ ಬಂದ ಗೆಳತಿ ನಮ್ಮ ಜೊತೆಗಿದ್ದಳು. ಅಪ್ಪ ಅವ್ವ ಕಬ್ಬು ಕಡಿಯಲು ಗುಳೆ ಹೋಗುವವರು. ಆ ಸೆಮಿಸ್ಟರ್ ಅವಳು ಮೂರು ವಾರ ಖಾನಾವಳಿಯಿಂದ ಒಂದು ಹೊತ್ತಿನ ಊಟ ತರಿಸಿ ಎರಡು ಹೊತ್ತು ಮಾಡಿಕೊಂಡಳು. ಆಮೇಲೆ ಸ್ಕಾಲರ್‌ಶಿಪ್ ಬರುವವರೆಗೆ ಅಜ್ಜಿ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಊರಿಗೆ ಹೋದಳು. ಸ್ಕಾಲರ್‌ಶಿಪ್ ತಡವಾಯಿತು. ಅವಳು ಬಂದಾಗ ಹಾಜರಾತಿ ಶೇಕಡ 75ಕ್ಕಿಂತ ಕೆಳಗೆ ಬಿದ್ದಿತ್ತು, ಪರೀಕ್ಷೆಗೆ ಕೂರಿಸಲಿಲ್ಲ. ಆಫೀಸಿನ ಕಡತದಲ್ಲಿ ಅವಳ ಕಾರಣ "ಹಾಜರಾತಿ ಕೊರತೆ" ಎಂದು ದಾಖಲಾಗಿದೆ. ಊಟದ ಹಾಲ್‌ನ ಟೈಲ್ಸಿಗೂ ಅವಳು ಕಳೆದುಕೊಂಡ ವರ್ಷಕ್ಕೂ ಸಂಬಂಧ ಇದೆ ಎಂದು ಯಾವ ಕಡತದಲ್ಲೂ ಬರೆದಿಲ್ಲ.

ಕೊನೆಗೆ ಉದ್ಘಾಟನೆ ಆಯಿತು. ಬಾಳೆಕಂಬ ಕಟ್ಟಿದರು, ಶಾಮಿಯಾನ ಹಾಕಿದರು. ಕಲ್ಲಿನ ಮೇಲೆ ಹೆಸರುಗಳು, ಯಾರ ಘನ ಉಪಸ್ಥಿತಿ, ಯಾರ ಅಧ್ಯಕ್ಷತೆ ಎಲ್ಲ. ಅಡುಗೆ ಮಾಡುವ ಒಬ್ಬರ ಹೆಸರೂ ಇರಲಿಲ್ಲ, ಬಿಡಿ. ಒಳಗೆ ಹೋದೆವು. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಕಪ್ಪು ಗ್ರಾನೈಟ್ ಟೇಬಲ್, ಹೊಳೆಯುವ ಟೈಲ್ಸ್, ಮೇಲೆ ಫಾಲ್ಸ್ ಸೀಲಿಂಗ್, ಅದರೊಳಗೆ ಸಣ್ಣ ಸಣ್ಣ ಲೈಟು. ಸೆಲ್ಫಿ ತೆಗೆದುಕೊಂಡೆವು. ಆಮೇಲೆ ತಟ್ಟೆಗೆ ಅನ್ನ ಬಿತ್ತು, ಮೇಲೆ ಅದೇ ನೀರು ಸಾರು.

ಮರುದಿನ ಬೆಳಿಗ್ಗೆಯಿಂದ ಲೆಕ್ಕ ಶುರುವಾಯಿತು. ಹಳೆಯ ಹಾಲ್‌ನಲ್ಲಿ ಉದ್ದ ಬೆಂಚು, ಒತ್ತಿ ಕೂತರೆ 80 ಮಂದಿ. ಹೊಸ ಗ್ರಾನೈಟ್ ಟೇಬಲ್ಲಿಗೆ ಜಾಗ ಹೆಚ್ಚು ಬೇಕು, ಹಾಗಾಗಿ 60 ಮಂದಿ. ಉಣ್ಣುವವರು 300. ಒಂದು ಪಂಕ್ತಿ ಉಂಡು, ಎದ್ದು, ಟೇಬಲ್ ಒರೆಸುವುದಕ್ಕೆ 25 ನಿಮಿಷ ಹಿಡಿಯಿರಿ. ಮೊದಲು ನಾಲ್ಕು ಪಂಕ್ತಿ, ಎಂಟಕ್ಕೆ ಶುರುವಾದರೆ 9.40ಕ್ಕೆ ಮುಗಿಯುತ್ತಿತ್ತು. ಈಗ ಐದು ಪಂಕ್ತಿ, ಮುಗಿಯುವುದು 10.05ಕ್ಕೆ. ಕ್ಲಾಸು ಹತ್ತಕ್ಕೆ. ಅಂದರೆ ಹಾಲ್ ಚಂದ ಆದ ಮೇಲೆ ದಿನಕ್ಕೆ ಅರವತ್ತು ಮಂದಿ ಒಂದೋ ತಿಂಡಿ ಬಿಡಬೇಕು, ಇಲ್ಲವೇ ಕ್ಲಾಸಿಗೆ ತಡವಾಗಿ ಹೋಗಿ ಬೈಸಿಕೊಳ್ಳಬೇಕು. ಈ ಕೂಡುವ ಕಳೆಯುವ ಲೆಕ್ಕ ಹೈಸ್ಕೂಲ್ ಹುಡುಗನಿಗೂ ಬರುತ್ತದೆ. ಎಸ್ಟಿಮೇಟ್ ಮಾಡಿದವರು ಯಾರೂ ಮಾಡಿರಲಿಲ್ಲ, ಯಾಕೆಂದರೆ ಅವರಲ್ಲಿ ಯಾರೂ ಅಲ್ಲಿ ತಿಂಡಿ ತಿನ್ನುವವರಲ್ಲ.

ಕೈ ತೊಳೆಯಲು ನಾಲ್ಕು ನಲ್ಲಿ, 300 ಮಂದಿಗೆ. ಹಳೆಯ ಹಾಲ್‌ನಲ್ಲಿಯೂ ನಾಲ್ಕೇ ಇದ್ದವು, ಆದರೆ ಹೊರಗೆ ತೊಟ್ಟಿ ಇತ್ತು, ತಂಬಿಗೆ ಇತ್ತು. ಚಂದ ಕಾಣುವುದಿಲ್ಲ ಎಂದು ತೊಟ್ಟಿ ಒಡೆದರು.

ಅಡುಗೆಮನೆ? ಅದಕ್ಕೆ ಬಿಳಿ ಬಣ್ಣ ಬಳಿದಿದ್ದರು. ಅಷ್ಟೇ. ನವೀಕರಣ ಅಂದದ್ದು ಉಣ್ಣುವ ಜಾಗಕ್ಕೆ, ಬೇಯಿಸುವ ಜಾಗಕ್ಕೆ ಅಲ್ಲ. ಅತಿಥಿಗಳು ಫೋಟೋ ತೆಗೆಸಿಕೊಳ್ಳುವುದು ಹಾಲ್‌ನಲ್ಲಿ, ಅಡುಗೆಮನೆಗೆ ಯಾರು ಬರುತ್ತಾರೆ? ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಶೀಟಿನ ಚಾವಣಿ ಕೆಳಗೆ ದೊಡ್ಡ ಬರ್ನರ್ ಹಚ್ಚಿ ಅನ್ನದ ಗುಂಡಿ ಇಳಿಸುವ ಅಕ್ಕನನ್ನು ನಾವು ಮಾತಾಡಿಸಿದಾಗ ಅವರು ಹೇಳಿದ್ದು: "ಏನ್ ಮಾಡ್ಲಿ ತಮ್ಮಾ, ಹೊಗಿ ಹೋಗಾಕ ದಾರಿ ಇಲ್ಲ, ಕಣ್ಣು ಬಿಡಾಕ ಆಗಲ್ಲ. ಆ ಟೈಲ್ಸಿನ ದುಡ್ಡಾಗ ಒಂದು ಫ್ಯಾನ್ ಹಾಕ್ಸಿದ್ರ ಸಾಕಿತ್ತು." ಹೊಗೆ ಎಳೆಯುವ ಫ್ಯಾನ್, ಚಿಮಣಿ, ಪಾತ್ರೆ ತೊಳೆದ ನೀರು ನಿಲ್ಲದಂತೆ ಇಳಿಜಾರು ನೆಲ, ಜಾರದ ಕಲ್ಲು, ದವಸಕ್ಕೆ ಇಲಿ ನುಗ್ಗದ ಕೋಣೆ. ಮೊದಲು ಆಗಬೇಕಾದ್ದು ಇವು. ಹೊಸ ಟೈಲ್ಸ್ ಮೇಲೆ ಸಾರು ಚೆಲ್ಲಿ ಇದೇ ಅಕ್ಕ ಜಾರಿ ಬಿದ್ದು ಹದಿನೈದು ದಿನ ಮನೆಯಲ್ಲಿದ್ದರು. ಹೊರಗುತ್ತಿಗೆ ಕೆಲಸ. ಹದಿನೈದು ದಿನದ ಕೂಲಿ ಕಟ್.

ಇಲ್ಲಿ ಓದುವ ದೊಡ್ಡವರಲ್ಲಿ ಕೆಲವರು ಹೇಳುವುದು ನಮಗೆ ಗೊತ್ತು. "ನಾವು ಓದುವಾಗ ಬುತ್ತಿ ಕಟ್ಟಿಕೊಂಡು ಹೋಗ್ತಿದ್ವಿ, ತಂಗಳು ರೊಟ್ಟಿ ತಿಂದು ಓದಿದ್ವಿ. ನಿಮಗೆ ಗ್ರಾನೈಟ್ ಹಾಕಿ ಕೊಟ್ಟಾರ, ಅದಕ್ಕೂ ತಕರಾರು." ದೊಡ್ಡಪ್ಪ, ನಿಮ್ಮ ಬುತ್ತಿಯಲ್ಲಿ ಜೋಳದ ರೊಟ್ಟಿ ಇತ್ತು, ಶೇಂಗಾ ಚಟ್ನಿ ಇತ್ತು, ಪುಂಡಿಪಲ್ಯ ಇತ್ತು. ಅದರಲ್ಲಿ ಕಸುವಿತ್ತು. ನಮ್ಮ ತಟ್ಟೆಯಲ್ಲಿ ಮೂರೂ ಇಲ್ಲ, ಎರಡು ಹೊತ್ತೂ ಅನ್ನವೇ. ನೀವು ತಿಂದಷ್ಟು ಕೊಡಿ ಎಂದಷ್ಟೇ ಕೇಳುತ್ತಿದ್ದೇವೆ.

ಮುನ್ನೂರು ಮಂದಿಗೆ ರೊಟ್ಟಿ ಬಡಿಯುವುದು ಆಗದ ಮಾತು ಎನ್ನುತ್ತಾರೆ. ಹಾಸ್ಟೆಲ್ಲಿನ ನಾಲ್ಕು ಅಡುಗೆಯವರಿಂದ ಆಗುವುದಿಲ್ಲ, ಒಪ್ಪಿದೆವು. ಆದರೆ ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ರೊಟ್ಟಿ ಬಡಿದು, ಕಟಕ್ ಮಾಡಿ, ಕಟ್ಟು ಕಟ್ಟಿ ಮಾರುತ್ತಾರೆ. ಖಾನಾವಳಿಗಳು, ಮದುವೆ ಮನೆಗಳು ಅವರಿಂದಲೇ ತರಿಸುತ್ತವೆ. ಸ್ವಸಹಾಯ ಸಂಘಗಳಿಂದ ವಿಶ್ವವಿದ್ಯಾಲಯ ತರಿಸಿಕೊಳ್ಳಲು ಅಡ್ಡಿ ಏನು? ಕಟಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ. ಗ್ರಾನೈಟಿನ ಬಿಲ್ಲು ಎಲ್ಲಿಗೋ ಹೋಗುತ್ತದೆ, ರೊಟ್ಟಿಯ ಬಿಲ್ಲು ಚಿಗಟೇರಿಗೋ ಹೊಸಹಳ್ಳಿಗೋ ಬರುತ್ತದೆ. ಬಹುಶಃ ಅದೇ ಅಡ್ಡಿ ಇರಬೇಕು.

ಈಗ ದುಡ್ಡಿನ ವಿಷಯ. ಅಧಿಕಾರಿಗಳು ಕೊಡುವ ಉತ್ತರ ಯಾವಾಗಲೂ ಒಂದೇ: "ಕಟ್ಟಡದ ಅನುದಾನ ಬೇರೆ, ಊಟದ ಅನುದಾನ ಬೇರೆ. ಇದರ ದುಡ್ಡು ಅದಕ್ಕೆ ಹಾಕಲು ಬರುವುದಿಲ್ಲ." ಇದು ಸುಳ್ಳಲ್ಲ. ಸರ್ಕಾರದ ಲೆಕ್ಕದಲ್ಲಿ ಕಟ್ಟುವುದಕ್ಕೆ ಬರುವ ಬಂಡವಾಳ ವೆಚ್ಚ ಬೇರೆ, ದಿನನಿತ್ಯದ ವೆಚ್ಚ ಬೇರೆ. ಆದರೆ ಈ ಉತ್ತರ ಎಷ್ಟು ಅನುಕೂಲಕ್ಕೆ ಬರುತ್ತದೆ ನೋಡಿ. ಕಟ್ಟಡದ ದುಡ್ಡು ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ, ಅದಕ್ಕೆ ಟೆಂಡರ್ ಇದೆ, ಎಂ.ಬಿ. ಬರೆಯುವುದಿದೆ, ಬಿಲ್ಲು ಪಾಸು ಮಾಡುವುದಿದೆ, ಕಲ್ಲಿನ ಮೇಲೆ ಹೆಸರಿದೆ. ತಟ್ಟೆಯ ದುಡ್ಡು ದಿನಾ ಸ್ವಲ್ಪ ಸ್ವಲ್ಪ ಹೋಗುತ್ತದೆ, ಅದರ ಮೇಲೆ ಯಾರ ಹೆಸರೂ ಕೆತ್ತಲಾಗುವುದಿಲ್ಲ. 1999ರ ಪಾರದರ್ಶಕತೆ ಕಾಯ್ದೆ ಇರುವುದೇ ಟೆಂಡರ್ ಕರೆದು ಕೆಲಸ ಕೊಡಲಿ ಎಂದು. ಅದರಲ್ಲೇ 4(ಜಿ) ಎಂಬ ಕಿಟಕಿ ಇಟ್ಟು ಟೆಂಡರ್ ಇಲ್ಲದೆ ಸರ್ಕಾರಿ ಏಜೆನ್ಸಿಗಳಿಗೆ ಕೆಲಸ ಕೊಡುವುದು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಊರಲ್ಲಿ ಸಿ.ಸಿ. ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೂ ಅಲ್ಲದೆ, ಕಟ್ಟಡದ ದುಡ್ಡನ್ನು ಕಟ್ಟಡಕ್ಕೇ ಹಾಕಲಿ, ಯಾರು ಬೇಡ ಅಂದರು? ಚಿಮಣಿ ಕಟ್ಟಡವಲ್ಲವೇ? ನಲ್ಲಿ ಕಟ್ಟಡವಲ್ಲವೇ? ಅನ್ನ ಬೇಯಿಸುವ ಸ್ಟೀಮ್ ಬಾಯ್ಲರ್ ಬಂಡವಾಳ ವೆಚ್ಚವಲ್ಲವೇ? ನೀರು ಶುದ್ಧ ಮಾಡುವ ಘಟಕ? ಕೂಡ್ಲಿಗಿ, ಹರಪನಹಳ್ಳಿ ಕಡೆಯ ಬೋರ್‌ನೀರಿನ ಫ್ಲೋರೈಡ್ ಬಗ್ಗೆ ನಾವು ಚಿಕ್ಕವರಿದ್ದಾಗಿನಿಂದ ಕೇಳುತ್ತಿದ್ದೇವೆ, ಹಲ್ಲು ಕಂದಾದವರನ್ನು ನೋಡಿದ್ದೇವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಹಾಗಾಗಿ ಕುಡಿಯುವ ನೀರಿಗೆ ಮಾತ್ರ ಫಿಲ್ಟರ್ ಇಟ್ಟು ಸಾರಿಗೆ ಬೋರ್‌ನೀರು ಹಾಕಿದರೆ ಅರ್ಧ ಕೆಲಸ ಮಾಡಿದಂತೆ. ನಮ್ಮ ಹೊಸ ಹಾಲ್‌ನಲ್ಲಿ ಅರ್ಧವೂ ಆಗಿರಲಿಲ್ಲ. ಫಿಲ್ಟರ್ ಇತ್ತು, ಅದರ ಮೇಲೆ "ದುರಸ್ತಿಯಲ್ಲಿದೆ" ಎಂಬ ಚೀಟಿ ಇತ್ತು.

ಊಟವನ್ನು ಮೊದಲು ಇಟ್ಟು ಕಟ್ಟಡವನ್ನು ಆಮೇಲೆ ಇಡುವುದು ಸಾಧ್ಯವೇ ಎಂದು ಕೇಳಬೇಡಿ, ಇದೇ ರಾಜ್ಯದಲ್ಲಿ ಆಗಿದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಮೊದಲು ಗೊತ್ತು ಮಾಡಿದ್ದು ತಟ್ಟೆಯ ಬೆಲೆ: ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಕಟ್ಟಡ ಅದಕ್ಕೆ ತಕ್ಕಂತೆ ಸಣ್ಣದು, ರೆಡಿಮೇಡ್ ಕಾಂಕ್ರೀಟ್ ಗೋಡೆ ತಂದು ಜೋಡಿಸಿದ್ದು, ನಿಂತು ಉಣ್ಣುವ ಟೇಬಲ್. ಅಲ್ಲಿಯೂ ಬಿಲ್ಲು ಬಾಕಿ, ಗುಣಮಟ್ಟದ ದೂರು ಎಲ್ಲ ಇದ್ದವು, ಇವೆ. ಆದರೆ ಜನ ಅದರ ಬಗ್ಗೆ ಮಾತಾಡುವಾಗ ಟೈಲ್ಸಿನ ಬಗ್ಗೆ ಮಾತಾಡುವುದಿಲ್ಲ, ಇಡ್ಲಿ ಬಗ್ಗೆ ಮಾತಾಡುತ್ತಾರೆ. ಫ್ರಾನ್ಸ್‌ನಲ್ಲಿ 2020ರಿಂದ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೆ ವಿಶ್ವವಿದ್ಯಾಲಯದ ಊಟ ಒಂದು ಯೂರೋಗೆ ಸಿಗುತ್ತದೆ. ಕೋವಿಡ್ ಕಾಲದ ಕಷ್ಟಕ್ಕೆ ಆ ಶ್ರೀಮಂತ ದೇಶ ಮಾಡಿದ್ದು ತಟ್ಟೆಯ ಬೆಲೆ ಇಳಿಸುವುದನ್ನು. ಅಷ್ಟು ದೂರ ಯಾಕೆ, ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವವರಿಗೆ ದಾರಿಯುದ್ದಕ್ಕೂ ಜನ ಅನ್ನ ಹಾಕುತ್ತಾರೆ. ತಗಡಿನ ಶೆಡ್ಡು, ತಾಡಪಾಲು, ಬಿಸಿ ಬಿಸಿ ಅನ್ನ. ಅಲ್ಲಿ ಉಂಡವರು ಯಾರೂ ಫಾಲ್ಸ್ ಸೀಲಿಂಗ್ ಹುಡುಕಿಲ್ಲ.

ಇನ್ನೊಂದು ಮಾತು. ಇದನ್ನು ಹೇಳಲು ನಮ್ಮಲ್ಲೇ ಸ್ವಲ್ಪ ಜಗಳ ಆಯಿತು, ಆದರೂ ಹೇಳುತ್ತೇವೆ. ಊಟದ ಹಾಲ್‌ನಲ್ಲಿ ಗೋಡೆ ಎಲ್ಲಿ ಬರುತ್ತದೆ, ಬಾಗಿಲು ಎಷ್ಟು, ಕೈ ತೊಳೆಯುವ ಜಾಗ ಯಾರಿಗೆ ಎಲ್ಲಿ ಎಂಬುದು ಬರೀ ಎಂಜಿನಿಯರ್ ಕೆಲಸ ಅಲ್ಲ. 2018ರ ಡಿಸೆಂಬರ್‌ನಲ್ಲಿ ಮದ್ರಾಸ್ ಐಐಟಿಯ ಹಿಮಾಲಯ ಮೆಸ್‌ನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಬಾಗಿಲು, ಬೇರೆ ವಾಶ್ ಬೇಸಿನ್ ಎಂದು ಚೀಟಿ ಅಂಟಿಸಿದ್ದರು. ವಿದ್ಯಾರ್ಥಿಗಳು ಗದ್ದಲ ಮಾಡಿದ ಮೇಲೆ ಚೀಟಿ ತೆಗೆದರು. 2023ರಲ್ಲಿ ಬಾಂಬೆ ಐಐಟಿಯ ಹಾಸ್ಟೆಲ್ಲೊಂದರಲ್ಲಿ ಸಸ್ಯಾಹಾರಿಗಳಿಗೇ ಎಂದು ಟೇಬಲ್ ಬೇರೆ ಮಾಡಿದ್ದನ್ನು ವಿರೋಧಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದರು. ಪಂಕ್ತಿಭೇದ ನಮ್ಮ ಅಜ್ಜಂದಿರ ಕಾಲಕ್ಕೆ ಮುಗಿಯಿತು ಎಂದುಕೊಂಡವರು ಇದನ್ನು ಓದಬೇಕು. ಜಾತಿಯ ಹೆಸರಲ್ಲಿ ಹಾಸ್ಟೆಲ್, ಮೆಸ್‌ಗಳಲ್ಲಿ ಮಕ್ಕಳನ್ನು ಬೇರ್ಪಡಿಸಬಾರದು ಎಂದು 2012ರಲ್ಲಿ ಯುಜಿಸಿ ತಂದ ನಿಯಮದಲ್ಲೇ ಇತ್ತು. "ಜಾತಿ ಅಲ್ಲ, ಆಹಾರ ಪದ್ಧತಿ" ಎಂದು ಜಾಣತನ ಮಾಡಿದರೆ ಎರಡು ಸಾಲುಗಳಲ್ಲಿ ಯಾರು ಯಾವ ಕಡೆ ನಿಲ್ಲುತ್ತಾರೆ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

ಇದೇ ಮಾತಿಗೆ ಮೊಟ್ಟೆಯೂ ಸೇರುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದರು. ನಮಗೆ ಮೊಟ್ಟೆ ಬೇಕು ಎಂದು ಗಂಗಾವತಿಯ ಶಾಲಾ ಹುಡುಗಿ ಕ್ಯಾಮೆರಾ ಮುಂದೆ ನಿಂತು ಹೇಳಿದ್ದನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಆಮೇಲೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. ಆ ಮಕ್ಕಳೇ ನಾಳೆ ವಿಶ್ವವಿದ್ಯಾಲಯಕ್ಕೆ ಬರುವವರು. ಶಾಲೆಯಲ್ಲಿ ಸಿಕ್ಕ ಮೊಟ್ಟೆ ಎಂ.ಎ.ಗೆ ಬಂದಾಗ ಯಾಕೆ ಮಾಯವಾಗಬೇಕು? ನಮ್ಮ ಮೆಸ್ಸಿನಲ್ಲಿ ಬೇಯಿಸಿದ ಮೊಟ್ಟೆಗೆ ಬೇರೆ ಕೂಪನ್, ಬೇರೆ ದುಡ್ಡು ಇತ್ತು.

ಇದೆಲ್ಲ ಕೇಳುವುದಕ್ಕೆ ಯಾರೂ ಇಲ್ಲವೇ ಎಂದರೆ, ಇಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಇಲ್ಲ. ಮೆಸ್ ಕಮಿಟಿ ಎಂಬುದು ಹೆಸರಿಗೆ ಇರುತ್ತದೆ, ಅದರಲ್ಲಿ ವಾರ್ಡನ್ ಆರಿಸಿದ ಮೂವರು ಇರುತ್ತಾರೆ, ಅವರ ಕೆಲಸ ರಿಜಿಸ್ಟರಿನಲ್ಲಿ ಸಹಿ ಹಾಕುವುದು. ಅಡುಗೆಯವರನ್ನಂತೂ ಯಾವ ಕಮಿಟಿಗೂ ಕರೆಯುವುದಿಲ್ಲ. ಉಣ್ಣುವವರನ್ನೂ ಬೇಯಿಸುವವರನ್ನೂ ಕೇಳದೆ ಊಟದ ಹಾಲ್‌ಗೆ ಎಸ್ಟಿಮೇಟ್ ಮಾಡುವುದು ರೈತನನ್ನು ಕೇಳದೆ ಅವನ ಹೊಲದಲ್ಲಿ ಬೋರ್ ಪಾಯಿಂಟ್ ಗುರುತು ಮಾಡಿದ ಹಾಗೆ.

ಹರಪನಹಳ್ಳಿಯವರು 371ಜೆ ಸೌಲಭ್ಯಕ್ಕಾಗಿ ಎಷ್ಟು ವರ್ಷ ಹೋರಾಡಿದರು ಎಂದು ನಮ್ಮ ಓದುಗರಿಗೆ ಗೊತ್ತು. 1997ರಲ್ಲಿ ದಾವಣಗೆರೆಗೆ ಹೋದ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆ ಹೋರಾಟದ ಮಾತು ಏನಿತ್ತು? ನಮ್ಮ ಮಕ್ಕಳಿಗೆ ಓದು, ಕೆಲಸ ಸಿಗಲಿ ಎಂದು. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಬರುವ ದುಡ್ಡು ಗೋಡೆಗೆ ಮೆತ್ತಿಕೊಂಡು ಅಲ್ಲೇ ನಿಲ್ಲುವುದಾದರೆ, ಆ ಓದಿಗೆ ಕೂರುವ ಮಕ್ಕಳ ಹೊಟ್ಟೆಗೆ ಇಳಿಯದಿದ್ದರೆ, ಗಡಿ ಬದಲಾಗಿ ನಮಗೆ ಬಂದದ್ದು ಏನು?

ಈಗ ನಮಗೆ ಗೊತ್ತಾಗಿರುವುದು, ನಾವು ಓದಿದಲ್ಲೇ ಇನ್ನೊಂದು ಹಾಸ್ಟೆಲ್ಲಿನ ಊಟದ ಹಾಲ್‌ಗೂ ನವೀಕರಣದ ಎಸ್ಟಿಮೇಟ್ ತಯಾರಾಗುತ್ತಿದೆ. ಈ ಸಲ ಬಾಗಿಲಿಗೆ ಹಾಳೆ ಅಂಟಿಸುವ ಮೊದಲೇ ಕೇಳೋಣ ಎಂದುಕೊಂಡೆವು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದದ ನಕಲು ಮಾತ್ರ ಸಿಗುವುದಲ್ಲ. ಕಾಮಗಾರಿಯನ್ನು ಖುದ್ದಾಗಿ ಹೋಗಿ ನೋಡುವುದು, ಬಳಸಿದ ಸಾಮಗ್ರಿಯ ಮಾದರಿ ಪಡೆಯುವುದು, ಇವೂ ಅದರ 2(ಜೆ) ಕಲಮಿನಲ್ಲಿ ಇರುವ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಹಾಗಾಗಿ ಐದು ತಾಲ್ಲೂಕಿನಿಂದ ಐದು ಮಂದಿ ಐದು ಅರ್ಜಿ ಹಾಕಿದ್ದೇವೆ. ಕೂಡ್ಲಿಗಿಯವರು ಎಸ್ಟಿಮೇಟಿನ ಪ್ರತಿ ಕೇಳಿದ್ದಾರೆ. ಕೊಟ್ಟೂರಿನವರು ಹಾಲ್‌ನಲ್ಲಿ ಈಗ ಎಷ್ಟು ಜನ ಕೂರುತ್ತಾರೆ, ಆಮೇಲೆ ಎಷ್ಟು ಎಂದು. ಹಗರಿಬೊಮ್ಮನಹಳ್ಳಿಯವರು ಅಡುಗೆಮನೆಯ ನೀರಿನ ಪರೀಕ್ಷೆ ವರದಿ. ಹಡಗಲಿಯವರು ಹೊರಗುತ್ತಿಗೆ ಅಡುಗೆಯವರಿಗೆ ಕಳೆದ ವರ್ಷ ಯಾವ ತಿಂಗಳ ಸಂಬಳ ಯಾವ ದಿನ ಕೊಟ್ಟಿದ್ದಾರೆ ಎಂಬ ವಿವರ.

ಐದನೆಯದು ಹರಪನಹಳ್ಳಿಯಿಂದ: ಕಾಮಗಾರಿ ನಡೆಯುವಷ್ಟು ದಿನ ವಿದ್ಯಾರ್ಥಿಗಳು ಎಲ್ಲಿ ಉಣ್ಣಬೇಕು, ಅದರ ಲಿಖಿತ ಆದೇಶದ ಪ್ರತಿ ಕೊಡಿ ಎಂದು. ಅದನ್ನು ಬರೆದವಳು ಆ ವರ್ಷ ಪರೀಕ್ಷೆಗೆ ಕೂರಲಾಗದ ನಮ್ಮ ಗೆಳತಿ. 150 ಪದ ಬೇಕಾಗಲಿಲ್ಲ, ಮೂವತ್ತರಲ್ಲೇ ಮುಗಿಸಿದಳು. ಉತ್ತರ ಕೊಡಲು ಅವರಿಗೆ ಮೂವತ್ತು ದಿನ ಇದೆ. ಬಂದ ಉತ್ತರವನ್ನು ಇದ್ದಂತೆ ಇಲ್ಲಿ ಹಾಕುತ್ತೇವೆ, ಬರದಿದ್ದರೆ ಮೇಲ್ಮನವಿಯನ್ನೂ ಹಾಕುತ್ತೇವೆ.